ಹಿಮ್ಮಡಿಗೆಂದು ಸೋಸಿದ ಮೇಣ

ನೀರಿನ ಮೇಲೆ ಮೇಣ ತೇಲಿ ಬರುವುದನ್ನು ಒಮ್ಮೆಯಾದರೂ ನೋಡಬೇಕು. ಕರ್ರಗಿನ ಗಂಟೊಂದನ್ನು ಬಿಸಿನೀರಿನಲ್ಲಿ ಮುಳುಗಿಸಿ ಕೂತಿರುತ್ತೀರಿ. ಅರ್ಧ ಗಂಟೆ ಏನೂ ಆಗುವುದಿಲ್ಲ. ಇವಳಿಗೆ ತಲೆ ಕೆಟ್ಟಿದೆ ಎಂದು ಮನೆಯವರು ಗೊಣಗಲು ಶುರುಮಾಡುವ ಹೊತ್ತಿಗೆ ಬಟ್ಟೆಯ ಎಳೆಗಳ ನಡುವಿಂದ ಒಂದು ಹಳದಿ ಹನಿ ಮೇಲೆದ್ದು ಬರುತ್ತದೆ. ಅದರ ಹಿಂದೆ ಇನ್ನೊಂದು. ಆಮೇಲೆ ಎಣಿಸಲಿಕ್ಕೆ ಆಗುವುದಿಲ್ಲ. ನಾನು ಮೊದಲ ಸಲ ಅದನ್ನು ನೋಡಿದಾಗ ನನಗೆ ನಲವತ್ತಮೂರು ವರ್ಷ, ಮೈಮೇಲೆ ಖಾಕಿ ಶರ್ಟು, ಕೈಯಲ್ಲಿ ಸೌಟು. ಶಹಾಬಾದಿನ ನಮ್ಮ ಅಂಗಳದ ಪರ್ಸಿಕಲ್ಲಿನ ಮೇಲೆ ಸಣ್ಣ ಹುಡುಗಿಯ ಹಾಗೆ ಕುಣಿದುಬಿಟ್ಟೆ. "ಖಾಕಿ ಹಾಕ್ಕೊಂಡು ಕುಣಿಬ್ಯಾಡ, ಸರ್ಕಾರದ ಮರ್ಯಾದಿ ಹೋಗ್ತದ" ಎಂದು ಅತ್ತೆ ಬೈದರು. ಆ ದಿನ ನನಗೆ ಆ ಬೈಗುಳವೂ ರುಚಿಯಾಗಿತ್ತು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಶಹಾಬಾದಿನಿಂದ ಹೊರಟರೆ ವಾಡಿ, ಚಿತ್ತಾಪುರ, ದಂಡೋತಿ ಸೇತುವೆ, ಸೇಡಂ, ಆಮೇಲೆ ಚಂದಾಪುರ, ಚಿಂಚೋಳಿ. ಹೋಗಿ ಬರುವಷ್ಟರಲ್ಲಿ ಹಗಲು ಮುಗಿದಿರುತ್ತದೆ. ನನಗೆ ತಾಳ್ಮೆ ಕಡಿಮೆ, ಇದನ್ನು ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. "ಅವಸರವೇ ಅಪಘಾತಕ್ಕೆ ಕಾರಣ ಅಂತ ರೋಡಿನ ಮ್ಯಾಲ ಬರದದ್ದು ನಿಮ್ಮನ್ನ ನೋಡೇ ಬರದಾರ್ರಿ" ಎಂದು ನಮ್ಮ ಡ್ರೈವರ್ ಸಾಹೇಬರು ದಿನಕ್ಕೊಮ್ಮೆ ಹೇಳುತ್ತಾರೆ. ಅವರು ವಯಸ್ಸಿನಲ್ಲಿ ಹಿರಿಯರು, ಐದು ಹೊತ್ತಿನ ನಮಾಜು ಬಿಡದವರು, ಗೇರು ಬದಲಿಸುವಾಗಲೂ ಅವರಿಗೆ ಅವಸರವಿಲ್ಲ. ಇಬ್ಬರನ್ನೂ ಒಂದೇ ಬಸ್ಸಿಗೆ ಹಾಕಿದವರು ಪುಣ್ಯವಂತರು.

ಇಷ್ಟು ಧೈರ್ಯವಾಗಿ ಮಾತಾಡುವ ನಾನು ಸುಮಾರು ಒಂದು ವರ್ಷ ಹಣೆಯ ಮೇಲೊಂದು ಗುಟ್ಟು ಇಟ್ಟುಕೊಂಡು ತಿರುಗಿದೆ. ಒಂದು ಬೆಳಿಗ್ಗೆ ಮುಖ ತೊಳೆಯಲೆಂದು ಹಣೆಯ ಟಿಕಳಿ ಕಿತ್ತು ಕನ್ನಡಿಗೆ ಅಂಟಿಸಿದೆ. ಟಿಕಳಿ ಇದ್ದ ಜಾಗದಲ್ಲಿ ಸಾಸಿವೆಯಷ್ಟು ಬಿಳಿ ಕಂಡಿತು. ಪೌಡರ್ ಇರಬೇಕು ಎಂದು ಒರೆಸಿದೆ. ಹೋಗಲಿಲ್ಲ. ಎರಡು ತಿಂಗಳಲ್ಲಿ ಅದು ಜೋಳದ ಕಾಳಷ್ಟಾಯಿತು, ಆಮೇಲೆ ತೊಗರಿ ಕಾಳಷ್ಟು. ಯಾರಿಗೂ ಹೇಳದೆ ಕಲಬುರಗಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಟಿಕಳಿಯ ಗೋಂದು ಚರ್ಮದ ಬಣ್ಣ ತಿಂದಿದೆ, ಇದು ತೊನ್ನಲ್ಲ, ತೊನ್ನಾದರೂ ಅದು ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವಲ್ಲ, ಟಿಕಳಿ ಹಚ್ಚುವುದನ್ನು ಬಿಟ್ಟರೆ ನಿಧಾನಕ್ಕೆ ಬಣ್ಣ ಬರಬಹುದು ಎಂದರು ಆ ಡಾಕ್ಟರಮ್ಮ.

ಬಿಡುವುದು ಹೇಗೆ? ಬಿಟ್ಟರೆ ಬಿಳಿ ಕಾಣುತ್ತದೆ. ಮುಚ್ಚಬೇಕೆಂದರೆ ಇನ್ನೂ ದೊಡ್ಡ ಟಿಕಳಿ ಬೇಕು. ದೊಡ್ಡ ಟಿಕಳಿ ಹಚ್ಚಿದರೆ ಬಿಳಿ ಇನ್ನೂ ಅಗಲವಾಗುತ್ತದೆ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಮಾತು ನನಗಾಗಿಯೇ ಹುಟ್ಟಿದಂತಿತ್ತು. ಬರೀ ಕುಂಕುಮದ ಪುಡಿ ಹಚ್ಚಿ ನೋಡಿದೆ. ನಮ್ಮ ಬಿಸಿಲಿಗೆ, ಆ ಬೆವರಿಗೆ, ವಾಡಿ ಬರುವಷ್ಟರಲ್ಲಿ ಕುಂಕುಮ ಮೂಗಿನ ಮೇಲೆ ಇಳಿದಿರುತ್ತಿತ್ತು. ಶೀಶೆಯಲ್ಲಿ ಬರುವ ನೀರು ಕುಂಕುಮ ಹಚ್ಚಿದರೆ ಉರಿ. ಕೊನೆಗೆ ರೂಪಾಯಿಯಗಲದ ಕೆಂಪು ಟಿಕಳಿಗೆ ಬಂದು ನಿಂತೆ. ಬಸ್ಸಿನಲ್ಲಿ ಹೆಣ್ಣುಮಕ್ಕಳು "ಟಿಕಳಿ ಭಾಳ ಚಂದ ಕಾಣ್ತದ್ರಿ ಮೇಡಂ" ಎನ್ನುತ್ತಿದ್ದರು. ನನಗೆ ಒಳಗೊಳಗೇ ಅಳು ಬರುತ್ತಿತ್ತು.

ನಾನು ಹೆದರಿದ್ದು ಬಸ್ಸಿನವರಿಗಲ್ಲ, ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಒಂದು ಊಟದ ತಾಟಿಗೆ. ಅತ್ತೆಯ ತಂಗಿಯೊಬ್ಬರು ಕೊನೆಯ ವರ್ಷಗಳನ್ನು ಈ ಮನೆಯಲ್ಲೇ ಕಳೆದರು. ಅವರಿಗೆ ಕೈಮೇಲೆ, ತುಟಿಯ ಮೇಲೆ ತೊನ್ನಿತ್ತು. ನಾನು ಹೊಸದಾಗಿ ಮದುವೆಯಾಗಿ ಬಂದಾಗ ಕಣ್ಣಾರೆ ನೋಡಿದ್ದೇನೆ. ಅತ್ತೆ ತಂಗಿಗೆ ಬಿಸಿ ರೊಟ್ಟಿಯನ್ನೇ ಬಡಿಸುತ್ತಿದ್ದರು, ಬೆಣ್ಣೆ ಹೆಚ್ಚು ಹಾಕುತ್ತಿದ್ದರು, ಆದರೆ ತಾಟು ಮಾತ್ರ ಬೇರೆ. ಅಂಚಿಗೆ ಮೊಳೆಯಿಂದ ಗೀರಿ ಗುರುತು ಮಾಡಿದ ಸ್ಟೀಲ್ ತಾಟು. ಅದನ್ನು ತೊಳೆಯುವುದೂ ಬೇರೆ, ಇಡುವುದೂ ಬೇರೆ. ಚಿಕ್ಕತ್ತೆ ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ತಾಟು ಮಾತ್ರ ಆ ಹಲಗೆಯಲ್ಲಿ ಬೋರಲು ಬಿದ್ದೇ ಇತ್ತು. ಅದನ್ನು ಯಾರೂ ಬಳಸುವುದಿಲ್ಲ, ಹಳೇ ಸಾಮಾನಿನವನಿಗೂ ಕೊಡುವುದಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ, ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ನನ್ನ ಕೈ ಹಣೆಗೆ ಹೋಗುತ್ತಿತ್ತು. ನನ್ನ ಬಿಳಿ ಕಲೆ ಅತ್ತೆಗೆ ಗೊತ್ತಾದ ದಿನ ಆ ತಾಟು ನನಗಾಗಿ ಕೆಳಗೆ ಇಳಿಯುತ್ತದೆ ಎಂದು ನಾನು ನಂಬಿಬಿಟ್ಟಿದ್ದೆ.

ಹೀಗಿರುವಾಗ, ಬೇಸಿಗೆ ಶುರುವಾದ ಒಂದು ದಿನ ಅತ್ತೆ ಹೊಸ ಹಠ ಹಿಡಿದರು.

"ನನ್ನ ಹಿಮ್ಮಡ ಭಾಳ ಒಡದಾವ. ನಡೀಲಿಕ್ಕ ಬರವಲ್ದು. ಜೇನಿನ ಮ್ಯಾಣ ಬೇಕು."

"ಚಿತ್ತಾಪುರದಾಗ ಔಷಧಿ ಅಂಗಡ್ಯಾಗ ಛಲೋ ಕ್ರೀಮ್ ಸಿಗ್ತದ್ರಿ ಅತ್ತಿ, ನಾಳೆ ತರ್ತೀನಿ."

"ಕ್ರೀಮ್ ನೀನೇ ಹಚ್ಕೋ. ನನಗ ಖರೇ ಮ್ಯಾಣ ಬೇಕು. ಅಂಗಡಿ ಮ್ಯಾಣ ಬ್ಯಾಡ, ಅದು ಮೋಂಬತ್ತಿ ಕರಗಿಸಿ ಮಾಡಿದ್ದು. ದಿನಾ ಚಿಂಚೋಳಿ ಕಡಿ ಹೋಗ್ತಿ, ಜೇನ ಮಾರೋರು ಒಬ್ಬರೂ ಸಿಗೋದಿಲ್ಲೇನು?"

ಅತ್ತೆಗೆ ಎಪ್ಪತ್ತು ದಾಟಿದೆ. ಮನೆಯೊಳಗೂ ಹವಾಯಿ ಚಪ್ಪಲಿ, ನೆಲಕ್ಕೆ ತಾಗುವ ಸೀರೆ. ಹಬ್ಬಕ್ಕೊಮ್ಮೆ ಪಾದ ಮುಟ್ಟಿ ನಮಸ್ಕಾರ ಮಾಡುತ್ತೇವೆ, ಹಿಮ್ಮಡಿಯನ್ನು ಯಾರು ನೋಡಲು ಹೋಗುತ್ತಾರೆ? ಪಾಪ, ಇಷ್ಟು ದಿನ ಹೇಳಿಕೊಳ್ಳದೆ ನೋವು ತಿಂದಿದ್ದಾರೆ ಅಂದುಕೊಂಡೆ. ಅಷ್ಟೇ ಅಲ್ಲ, ಹೊಸ ಕೆಲಸವೊಂದು ಸಿಕ್ಕಿತಲ್ಲ ಎಂದು ನನಗೆ ಹುರುಪೂ ಬಂತು. ಮೇಣ ಮನೆಯಲ್ಲೇ ಮಾಡುವುದು ಹೇಗೆ ಎಂದು ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದೆ. ನಾಲ್ಕನೆಯದು ಮುಗಿಯುವಷ್ಟರಲ್ಲಿ ನಾನೇ ಪಂಡಿತಳು.

ಚಂದಾಪುರದಲ್ಲಿ ಒಬ್ಬಳು ಹೆಣ್ಣುಮಗಳು ಹತ್ತುತ್ತಾಳೆ. ಕಾಡಿನ ಕಡೆಯ ತಾಂಡಾದವಳು, ಬೇಸಿಗೆಯಲ್ಲಿ ಡಬ್ಬಿಗಟ್ಟಲೆ ಜೇನುತುಪ್ಪ ತಂದು ಸೇಡಮ್ಮಿನ ಬಜಾರಿನಲ್ಲಿ ಮಾರುತ್ತಾಳೆ. ತುಪ್ಪ ಹಿಂಡಿ ಉಳಿದ ಜೇನುಹುಟ್ಟು ಬೇಕು ಎಂದು ಕೇಳಿದ್ದಕ್ಕೆ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. "ತುಪ್ಪ ಕೇಳೋರು ಭಾಳ ಮಂದಿ, ಬಾಯಿ. ಚರಟ ಕೇಳ್ದವರು ನೀವೇ ಮೊದಲು" ಎಂದಳು. ತಾಂಡಾದವರು ಹೆಣ್ಣುಮಕ್ಕಳನ್ನು ಬಾಯಿ ಎಂದೇ ಕರೆಯುವುದು. ಮರುವಾರ ಒಂದು ಗೊಬ್ಬರದ ಚೀಲದ ತುಂಬ ತಂದು ನನ್ನ ಸೀಟಿನ ಕೆಳಗೆ ತಳ್ಳಿದಳು.

ಹಿಂಡಿದ್ದು ಎಂದರೆ ಹೆಸರಿಗೆ ಹಿಂಡಿದ್ದು. ಬಿಸಿಲು ಏರಿದಂತೆ ಚೀಲದಿಂದ ತುಪ್ಪ ಸೋರಿತು. ಬಸ್ಸೆಲ್ಲ ಘಮಘಮ. ಸೇಡಮ್ಮಿನ ನಿಲ್ದಾಣದಲ್ಲಿ ಬಸ್ಸು ಹದಿನೈದು ನಿಮಿಷ ನಿಲ್ಲುತ್ತದೆ, ಅಲ್ಲಿ ಶುರುವಾಯಿತು ನೋಡಿ. ಮೊದಲು ನಾಲ್ಕು ಜೇನು ಬಂದವು. ಅವು ಹೋಗಿ ತಮ್ಮ ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದವು. ಜನ ಕಿಟಕಿಯಿಂದ ಇಳಿದರು, ಬಾಗಿಲಿಂದ ಇಳಿದರು, ಒಬ್ಬ ಮುದುಕ ತಲೆಯ ಮೇಲೆ ಜೋಳದ ಚೀಲ ಬೋರಲು ಹಾಕಿಕೊಂಡು ಕೂತ. ಡ್ರೈವರ್ ಸಾಹೇಬರು ಟವೆಲಿನಲ್ಲಿ ಮುಖ ಮುಚ್ಚಿಕೊಂಡು "ಇವಕ್ಕ ಟಿಕೆಟ್ ಕೊಟ್ಟೀರೇನ್ರಿ?" ಎಂದು ಕೇಳಿದರು. "ಹೆಣ್ಣುಮಕ್ಕಳಿಗಿ ಸೊನ್ನಿ ಟಿಕೆಟ್ ಸಾಹೇಬ್ರೆ, ಇವೆಲ್ಲ ಹೆಣ್ಣೇ" ಎಂದೆ. ಅಷ್ಟರಲ್ಲಿ ಒಂದು ಅವರ ಕಿವಿಗೆ ಕಚ್ಚಿತು. ನಿಲ್ದಾಣದ ಹೊಟೇಲಿನಿಂದ ಎರಡು ಬಕೆಟ್ ನೀರು ತಂದು ನೆಲ ತೊಳೆದೆ, ಚೀಲವನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದೆ. ಬಸ್ಸು ವೇಗ ಹಿಡಿದ ಮೇಲೆ ಜೇನು ಹಿಂದುಳಿದವು. ದಂಡೋತಿ ಸೇತುವೆಯ ಮೇಲೆ ಕಾಗಿಣಾ ಹೊಳೆಯ ಗಾಳಿ ಬೀಸಿದಾಗ ಸಾಹೇಬರು ಊದಿದ ಕಿವಿ ಮುಟ್ಟಿಕೊಂಡು ನಗಲು ಶುರುಮಾಡಿದರು. ಆಮೇಲೆ ಇಡೀ ಬಸ್ಸು ನಕ್ಕಿತು. ನನ್ನ ನೌಕರಿಯಲ್ಲಿ ಅಷ್ಟು ಖುಷಿಯ ಟ್ರಿಪ್ಪು ಇನ್ನೊಂದಿಲ್ಲ.

ಮರುದಿನ ನನಗೆ ರಜೆ. ಮನೆಯಲ್ಲಿ ಕೈಗೆ ಸಿಕ್ಕ ದೊಡ್ಡ ಪಾತ್ರೆ ಹಾಲಿನ ಬೋಗಾಣಿ, ಅದನ್ನೇ ಒಲೆಗಿಟ್ಟೆ. ಅಂಗಳದ ಬೋರಿನ ನೀರು ಧಾರಾಳವಾಗಿ ಸುರಿದೆ. ಹುಟ್ಟನ್ನು ಹಳೇ ಧೋತರದಲ್ಲಿ ಗಂಟು ಕಟ್ಟಿ, ತೇಲದಿರಲೆಂದು ಮೇಲೊಂದು ಕಲ್ಲಿಟ್ಟು ಮುಳುಗಿಸಿದೆ. ಸಣ್ಣ ಉರಿ ಎಂದು ವಿಡಿಯೋದವರು ಹೇಳಿದ್ದರು. ಸಣ್ಣ ಉರಿಯಲ್ಲಿ ಎಷ್ಟು ಹೊತ್ತು ಕೂರುವುದು ಎಂದು ದೊಡ್ಡ ಉರಿ ಮಾಡಿದೆ. ಕೊತಕೊತ ಕುದಿಯಿತು. ಆರಿದ ಮೇಲೆ ನೋಡಿದರೆ ಹಳದಿ ಬಿಲ್ಲೆ ಎಲ್ಲಿ? ಬೂದಿ ಬಣ್ಣದ, ಮುದ್ದೆಯೂ ಅಲ್ಲದ ಅಂಬಲಿಯೂ ಅಲ್ಲದ ಏನೋ ಒಂದು ಇತ್ತು. ಕೈಯಲ್ಲಿ ಹಿಡಿದರೆ ಪುಡಿಪುಡಿ. ಹಾಲಿನ ಬೋಗಾಣಿ ಅಂದಿಗೆ ಹಾಲಿಗೆ ಎರವಾಯಿತು.

ನನ್ನ ಗಂಡ ಪರ್ಸಿಕಲ್ಲು ಪಾಲಿಶ್ ಮಾಡುವ ಕೆಲಸದವರು. ಸಂಜೆ ಬಂದು ಆ ಬೂದಿ ಮುದ್ದೆಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಛಲೋ ಆಗ್ಯದ. ಕಲ್ಲಿನ ಸಂದಿಗಿ ತುಂಬಲಿಕ್ಕ ಬರ್ತದ" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಅತ್ತೆ ಮಾತ್ರ ನಗಲಿಲ್ಲ, ಬೈಯಲೂ ಇಲ್ಲ. "ಇನ್ನೊಂದ ಸಲ ಮಾಡು" ಎಂದರು, ಅಷ್ಟೇ.

ಮುಂದಿನ ವಾರ ಜೇನಿನವಳು ಬಸ್ಸು ಹತ್ತಿದ ಕೂಡಲೇ ಜಗಳಕ್ಕೆ ನಿಂತೆ, ನೀನು ಕೊಟ್ಟ ಹುಟ್ಟೇ ಕೆಟ್ಟದ್ದು ಎಂದೆ. ಅವಳು ಶಾಂತವಾಗಿ ಕೇಳಿಸಿಕೊಂಡಳು.

"ಯಾವ ನೀರಾಗ ಕುದಿಸೀರಿ?"

"ನಮ್ಮ ಬೋರಿನ ನೀರಾಗ."

"ಆ ನೀರಾಗ ಬ್ಯಾಳಿ ಬೇಯ್ತದೇನು?"

ಸುತ್ತಲಿನ ಸೀಟಿನವರೆಲ್ಲ ನನ್ನ ಮುಖ ನೋಡಿದರು. ಶಹಾಬಾದಿನ ಬೋರಿನ ನೀರಿನಲ್ಲಿ ತೊಗರಿಬೇಳೆ ಸಂಜೆಯವರೆಗೂ ಕುದಿಸಿದರೂ ಕಲ್ಲಿನ ಹಾಗೇ ಇರುತ್ತದೆ, ಅದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ನೆಲದ ಕೆಳಗೆಲ್ಲ ಸುಣ್ಣದ ಕಲ್ಲು. ಅದಕ್ಕೇ ಪ್ರತಿ ಮನೆಯಲ್ಲಿ ಬೇಳೆಗೆಂದು ಒಂದು ಕೊಡ ಸಿಹಿನೀರು ಬೇರೆ ಇಟ್ಟಿರುತ್ತಾರೆ.

"ಬ್ಯಾಳಿ ಬೇಯಲಾರದ ನೀರಾಗ ಮ್ಯಾಣ ಹ್ಯಾಂಗ ತಿಳಿ ಆಗ್ತದ, ಬಾಯಿ?" ಎಂದಳು. ಬಸ್ಸು ಎರಡನೇ ಸಲ ನಕ್ಕಿತು, ಈ ಸಲ ನನ್ನ ಮೇಲೆ. ಸುಣ್ಣದ ನೀರು ಮೇಣವನ್ನು ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ, ಕುದಿಸಿದಷ್ಟೂ ಕೆಡುತ್ತದೆ ಎಂದು ಅವಳೇ ಬಿಡಿಸಿ ಹೇಳಿದಳು. ಕೆಟ್ಟ ಮುದ್ದೆಯನ್ನು ಎಸೆಯಬೇಡಿ, ಸಿಹಿನೀರಿನಲ್ಲಿ ಹಾಕಿ ಎರಡು ನಿಂಬೆಹಣ್ಣು ಹಿಂಡಿ, ಕುದಿ ಬರದ ಹಾಗೆ ಕಾಯಿಸಿ, ಮೇಲೆ ಗೋಣಿ ಮುಚ್ಚಿ ತಾನಾಗಿ ಆರಲು ಬಿಡಿ ಎಂದಳು. ನಾಲ್ಕು ವಿಡಿಯೋ ನೋಡಿದ ಪಂಡಿತಳು ಅವಳ ಪಕ್ಕದ ಸೀಟಿನಲ್ಲಿ ಕೂತು ಟಿಕೆಟಿನ ಹಿಂದೆ ಎಲ್ಲವನ್ನೂ ಬರೆದುಕೊಂಡಳು.

ಇನ್ನು ಸಿಹಿನೀರಿನ ಪ್ರಶ್ನೆ. ನಮ್ಮ ಓಣಿಗೆ ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಅದರಲ್ಲಿ ಬೇಳೆಯ ಕೊಡ ಅತ್ತೆಯ ಸ್ವಂತ ರಾಜ್ಯ. ಲೋಟ ಲೋಟ ಅಳೆದು ಕೊಡುತ್ತಾರೆ. ಒಮ್ಮೆ ಆ ನೀರಿನಲ್ಲಿ ಚಹಾದ ಲೋಟ ಜಾಲಿಸಿದ್ದಕ್ಕೆ ನನ್ನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು. ಆ ನೀರು ಕೇಳುವ ಧೈರ್ಯ ನನಗಿರಲಿಲ್ಲ.

"ನಾಳೆ ದಂಡೋತಿಯಾಗ ಬಸ್ ನಿಲ್ಲಿಸಿ ಎರಡು ಕ್ಯಾನ್ ಹೊಳಿ ನೀರು ತರ್ತೀನ್ರಿ ಅತ್ತಿ" ಎಂದೆ.

ಅತ್ತೆ ಎದ್ದರು. ಬೇಳೆಯ ಕೊಡದ ಮುಚ್ಚಳ ತೆಗೆದರು. ಎರಡೂ ಕೈಯಲ್ಲಿ ಕೊಡ ಎತ್ತಿ ಅಂಗಳಕ್ಕೆ ತಂದು, ನನ್ನ ಪಾತ್ರೆಗೆ ಬಗ್ಗಿಸಿದರು. ಒಂದು ಲೋಟವನ್ನೂ ಉಳಿಸಲಿಲ್ಲ.

"ಅತ್ತಿ, ಬ್ಯಾಳಿ?"

"ನಲ್ಲಿ ಬರೋತನಕ ಕಡ್ಲಿಹಿಟ್ಟಿನ ಝುಣಕ ತಿಂದ್ರಾಯ್ತು."

ನಮ್ಮ ಕಡೆ ಮೂರು ದಿನ ಬೇಳೆ ಇಲ್ಲದ ಊಟ ಎಂದರೆ ಸೂತಕದ ಮನೆಯ ಊಟವೂ ಅಷ್ಟು ಬಡವಾಗಿರುವುದಿಲ್ಲ. ಹಿಮ್ಮಡಿ ಎಷ್ಟು ನೋಯುತ್ತಿರಬೇಕು ಎಂದುಕೊಂಡೆ. ನನಗೆ ಹೊಳೆದದ್ದು ಅಷ್ಟೇ.

ಈ ಸಲ ನಾನು ಸಣ್ಣ ಉರಿಯ ಮುಂದೆ ಕೂತೆ. ನಿಜವಾಗಿಯೂ ಕೂತೆ, ಮೊಬೈಲ್ ಮುಟ್ಟಲಿಲ್ಲ. ಮೊದಲ ಹಳದಿ ಹನಿ ಮೇಲೆ ಬಂದದ್ದು ಆಗಲೇ, ನಾನು ಕುಣಿದದ್ದೂ ಆಗಲೇ. ಸೌಟಿನಿಂದ ಗಂಟನ್ನು ಒತ್ತಿದಂತೆ ಮೇಲೆ ಹಳದಿ ಪದರ ಅಗಲವಾಯಿತು. ಅತ್ತೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಬೆಂಕಿಯನ್ನೇ ನೋಡುತ್ತ, ಯಾರಿಗೋ ಹೇಳುವಂತೆ ಹೇಳಿದರು:

"ನಮ್ಮ ಕಾಲದಾಗ ಹಣಿಗಿ ಇದೇ ಮ್ಯಾಣ ಹಚ್ಚಿ, ಮ್ಯಾಲ ಕುಂಕುಮ ಇಡತಿದ್ದಿವಿ. ಹೊಲದಾಗ ಹಗಲೆಲ್ಲ ಬೆವತರೂ ಕದಲತಿರಲಿಲ್ಲ. ಗೋಂದಿಲ್ಲ, ಗೀಂದಿಲ್ಲ. ಹಣಿ ಉರಿಯೋದಿಲ್ಲ."

ಹೌದಲ್ಲ. ನಮ್ಮ ಅಜ್ಜಿಯ ಹತ್ತಿರವೂ ಕುಂಕುಮದ ಭರಣಿಯ ಪಕ್ಕ ಪುಟ್ಟ ಮೇಣದ ಕರಡಿಗೆ ಇತ್ತು. ಬೆರಳಲ್ಲಿ ತಿಕ್ಕಿ ಹಣೆಗೆ ದುಂಡಗೆ ಹಚ್ಚಿಕೊಂಡು, ಅದರ ಮೇಲೆ ಕುಂಕುಮ ಒತ್ತುತ್ತಿದ್ದಳು. ವರ್ಷಗಟ್ಟಲೆ ನೋಡಿದ್ದನ್ನು ಮರೆತೇಬಿಟ್ಟಿದ್ದೆ. ನನ್ನ ಪೀಡೆಗೆ ಮದ್ದು ನನ್ನ ಕಣ್ಣ ಮುಂದೆಯೇ ತೇಲುತ್ತಿತ್ತು. ಅತ್ತೆಯ ಹಿಮ್ಮಡಿಗೆ ಕೊಟ್ಟು, ಅಡಿಕೆಯಷ್ಟು ನನಗೂ ಕದ್ದಿಡಬೇಕು, ಟಿಕಳಿ ಬಿಟ್ಟು ಕುಂಕುಮಕ್ಕೆ ಬಂದೆ ಎಂದು ಸುಳ್ಳು ಹೇಳಬೇಕು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆ ಸಂತೋಷಕ್ಕೆ ಸೌಟು ಒಂದು ಸಲ ಪಾತ್ರೆಯೊಳಗೇ ಬಿತ್ತು.

ಗೋಣಿ ಮುಚ್ಚಿ ಇಟ್ಟೆವು. ಆರಿದ ಮೇಲೆ ಪಾತ್ರೆಯ ಅಂಚಿನಿಂದ ಬಿಲ್ಲೆ ತಾನಾಗಿಯೇ ಬಿಟ್ಟುಕೊಂಡಿತ್ತು. ಅಂಗೈಯಿಂದ ಒತ್ತಿದರೆ ಒಂದು ಕಡೆ ಎದ್ದು ನಿಂತಿತು. ಮೇಲ್ಭಾಗ ಅರಿಶಿನ, ಕೆಳಭಾಗದಲ್ಲಿ ಕಪ್ಪು ಕಸದ ಪದರ. ಅದನ್ನು ಚಾಕುವಿನಿಂದ ಹೆರೆದು ತೆಗೆದೆ. ನನ್ನ ಪ್ರಕಾರ ಕೆಲಸ ಮುಗಿಯಿತು.

"ಇನ್ನೊಂದ ಸಲ ಕರಗಿಸಿ ಸೋಸು" ಎಂದರು ಅತ್ತೆ.

ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ನೇರ ಬೆಂಕಿ ತಾಗದ ಹಾಗೆ ಕರಗಿಸಿ, ಹಳೇ ಮಲ್ ಬಟ್ಟೆಯಲ್ಲಿ ಸೋಸಿದೆ. ಅತ್ತೆ ಬೆಳಕಿಗೆ ಹಿಡಿದು ನೋಡಿದರು. ಒಂದು ಕೂದಲೆಳೆಯಷ್ಟು ಕಸ ಕಂಡಿತಂತೆ. "ಮತ್ತೊಮ್ಮೆ."

"ಹಿಮ್ಮಡಕ್ಕ ಇಷ್ಟ್ಯಾಕ್ರಿ ಅತ್ತಿ? ಹಚ್ಕೊಂಡು ಧೂಳಾಗೇ ನಡೀತೀರಲ್ಲ."

"ನನ್ನ ಹಿಮ್ಮಡ ಅಂದ್ರ ಏನಂತ ತಿಳದ್ಯವ್ವ ನೀ? ಸೋಸು."

ಮೂರು ಸಲ ಸೋಸಿಸಿದರು. ಮೂರನೆಯ ಸಲ ಬಿಲ್ಲೆ ಬೆಣ್ಣೆಯ ಬಣ್ಣಕ್ಕೆ ಬಂದಿತ್ತು, ಅದರ ಪರಿಮಳಕ್ಕೆ ಮೂಗು ಎಳೆದಂತಾಗುತ್ತಿತ್ತು. ಅದನ್ನೂ ತೆಳ್ಳಗೆ ಹೆರೆದು ಎಳೆ ಬಿಸಿಲಿಗೆ ಹರಡು, ಇನ್ನೂ ತಿಳಿಯಾಗುತ್ತದೆ ಎಂದರು. ಹರಡಲು ಒಂದು ಅಗಲದ ಪಾತ್ರೆ ಬೇಕಿತ್ತು. ಮನೆಯ ತಾಟುಗಳಿಗೆ ಮೇಣ ಮೆತ್ತಿದರೆ ಮತ್ತೆ ಬೋಗಾಣಿಯ ಕತೆ. ಯಾರೂ ಬಳಸದ್ದು ಒಂದಿದೆಯಲ್ಲ ಎಂದು, ಯೋಚಿಸದೆ ಮೇಲಿನ ಹಲಗೆಗೆ ಕೈ ಹಾಕಿದೆ.

"ಅದನ್ನ ಮುಟ್ಟಬ್ಯಾಡ."

ಅತ್ತೆಯ ಆ ದನಿಯನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡೆ. ಮೊದಲ ಹನಿ ತೇಲಿದಾಗಿನಿಂದ ತುಂಬಿಕೊಂಡಿದ್ದ ಸಂತೋಷವೆಲ್ಲ ಇಳಿದುಹೋಯಿತು. ಇಷ್ಟು ವರ್ಷವಾದರೂ, ಆ ತಾಟಿನಲ್ಲಿ ಉಂಡವರು ಮಣ್ಣಾದ ಮೇಲೂ, ಅದನ್ನು ಮುಟ್ಟಬಾರದು. ನನ್ನ ಹಣೆಯ ವಿಷಯ ಇವರಿಗೆ ಯಾವ ಕಾಲಕ್ಕೂ ಗೊತ್ತಾಗಬಾರದು ಎಂದು ಗಟ್ಟಿ ಮಾಡಿಕೊಂಡೆ. ಹಳೇ ಪೇಪರಿನ ಮೇಲೆ ಮೇಣ ಹರಡಿ, ಕಾಗೆ ಬರದ ಹಾಗೆ ಕಾಯುತ್ತ ಕೂತೆ.

ನಲ್ಲಿ ಬಂದ ಮರುದಿನ ಬೆಳಿಗ್ಗೆ ಬೇಳೆ ಬೇಯಿಸಿ, ರೊಟ್ಟಿ ಬಡಿದು ಮುಗಿಸಿದ್ದೆ. ಡ್ಯೂಟಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಗಂಡ ಆಗಲೇ ಕೆಲಸಕ್ಕೆ ಹೋಗಿದ್ದರು. ಬಿಸಿಲಿಗೆ ತಿಳಿಯಾದ ಮೇಣಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಕರಗಿಸಿ, ಹದ ನೋಡಿ, ಚಿಕ್ಕ ಬಟ್ಟಲಿಗೆ ಸುರಿದೆ. ನನ್ನ ಪಾಲು ಆಗಲೇ ಟಿಕೆಟ್ ಮಷೀನಿನ ಚೀಲದಲ್ಲಿ, ಹಳೇ ವಿಕ್ಸ್ ಡಬ್ಬಿಯೊಳಗೆ ಅಡಗಿತ್ತು. ಬಟ್ಟಲು ಹಿಡಿದು ಅತ್ತೆಯ ಮುಂದೆ ನೆಲಕ್ಕೆ ಕೂತು, "ಕಾಲು ಕೊಡ್ರಿ ಅತ್ತಿ" ಎಂದೆ.

"ಇಡು ಅಲ್ಲೇ. ನಾ ಹಚ್ಕೋತೀನಿ."

"ಇಷ್ಟ ದಿನ ದುಡದೀನಿ, ನಾನೇ ಹಚ್ಚತೀನ್ರಿ" ಎಂದು ಚಪ್ಪಲಿ ಕಳಚಿ, ಬಲಗಾಲನ್ನು ತೊಡೆಯ ಮೇಲೆ ಎಳೆದುಕೊಂಡೆ.

ಹಿಮ್ಮಡಿ ಪಾಲಿಶ್ ಹೊಡೆದ ಪರ್ಸಿಯ ಹಾಗಿತ್ತು. ಒಂದು ಬಿರುಕಿಲ್ಲ. ಎಡಗಾಲು ನೋಡಿದೆ. ಅದೂ ಹಾಗೇ.

"ಎಲ್ಲಿ ಒಡದಾವರಿ?"

"ಒಡದಿಲ್ಲ."

"ಮತ್ತ?"

"ಟಿಕಳಿ ತಗಿ."

ನನ್ನ ಕೈ ಹಣೆಗೆ ಹೋಯಿತು, ಟಿಕಳಿ ತೆಗೆಯಲಿಕ್ಕಲ್ಲ, ಒತ್ತಿ ಹಿಡಿಯಲಿಕ್ಕೆ. ಬಸ್ಸಿಗೆ ತಡವಾಯಿತು ಎಂದು ಏಳಲು ಹೋದೆ. ಅತ್ತೆ ನನ್ನ ಮೊಣಕೈ ಹಿಡಿದು ಕೂರಿಸಿದರು.

"ಕನ್ನಡಿಗಿ ನೀ ಹಚ್ಚಿ ಬಿಟ್ಟ ಟಿಕಳಿ ಸಾಲಿಗಿ ಕುಂತಾವ. ದಿನಾ ನೋಡ್ತೀನಿ. ಮೊದಲ ಸಣ್ಣ ಕಾಳಿತ್ತು. ದೀಪಾವಳಿಗಿ ದೊಡ್ಡ ಕಾಳಾಯ್ತು. ಈಗ ರೂಪಾಯಿ ಆಗ್ಯದ. ಟಿಕಳಿ ಸುಮ್ಮಸುಮ್ಮನ ಬೆಳೀತದೇನು? ಕೆಳಗ ಏನರ ಬೆಳದ್ರೇ ಅದು ಬೆಳೀತದ."

ಕನ್ನಡಿಯನ್ನು ನಾನು ದಿನಕ್ಕೆ ಎರಡು ಸಲ ನೋಡುತ್ತಿದ್ದೆ, ಆ ಸಾಲು ನನ್ನ ಕಣ್ಣಿಗೆ ಒಂದು ಸಲವೂ ಬಿದ್ದಿರಲಿಲ್ಲ. ಅಂದರೆ ದೀಪಾವಳಿಯಿಂದ ಅತ್ತೆಗೆ ಗೊತ್ತು. ದೀಪಾವಳಿಯಿಂದ ನಾನು ಬಡಿದ ರೊಟ್ಟಿ ತಿಂದಿದ್ದಾರೆ, ನಾನು ಅರ್ಧ ಕುಡಿದಿಟ್ಟ ಚಹಾವನ್ನೂ ಆರಿಹೋಗುತ್ತದೆ ಎಂದು ತಾವೇ ಕುಡಿದಿದ್ದಾರೆ. ನನಗೆ ಅಳು ತಡೆಯಲಾಗಲಿಲ್ಲ.

"ಡಾಕ್ಟರ್‌ಗ ತೋರಿಸೀನ್ರಿ ಅತ್ತಿ, ಅದು ತೊನ್ನಲ್ಲ ಅಂದಾರ. ಗೋಂದಿನಿಂದ ಆಗ್ಯದಂತ."

"ನಾ ಕೇಳಿದೆನೇನು?" ಎಂದರು ಅತ್ತೆ. "ತೊನ್ನಿದ್ದರೂ ಏನಾಗ್ತಿತ್ತು?"

ಅವರೇ ನನ್ನ ಬೆರಳು ಸರಿಸಿ ಟಿಕಳಿ ಕಿತ್ತರು. ಬಟ್ಟಲಿನ ಮೇಣವನ್ನು ಉಂಗುರದ ಬೆರಳಿಂದ ತಿಕ್ಕಿ, ಆ ಬಿಳಿಯ ಮೇಲೆ ಸರಿಯಾಗಿ ದುಂಡಗೆ ಒತ್ತಿದರು. ಒಂದು ವರ್ಷದಿಂದ ಅಲ್ಲಿ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ತಾಗಿರಲಿಲ್ಲ. ಮೇಣ ಬೆಚ್ಚಗಿತ್ತು. ಭರಣಿ ನನ್ನ ಕಡೆ ತಳ್ಳಿ, "ಕುಂಕುಮ ನೀನೇ ಇಟ್ಕೋ, ನಾ ಇಡಬಾರದು" ಎಂದರು. ಮಾವ ತೀರಿಕೊಂಡ ಮೇಲೆ ಅತ್ತೆ ಕುಂಕುಮ ಮುಟ್ಟಿದವರಲ್ಲ. "ಬಸ್ಸಿಗಿ ಹೊತ್ತಾಗ್ಲಿಕತ್ತದ್ರಿ, ನೀವೇ ಇಡ್ರಿ" ಎಂದೆ. ಅತ್ತೆ ಭರಣಿಯನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡು ಇಟ್ಟರು.

ಕೆಂಪಾದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ಮ್ಯಾಲಿಂದ ಆ ತಾಟು ತಗಿ" ಎಂದರು. ಕುಂಕುಮ ಇಟ್ಟ ಕೈಯೇ ಈಗ ನನಗೆ ಆ ತಾಟು ಕೊಡುತ್ತದೆಯೇ ಎನ್ನಿಸಿತು. ಆದರೂ ಸ್ಟೂಲ್ ಹತ್ತಿ ತಾಟು ಇಳಿಸಿ ಕೊಟ್ಟೆ. ಅತ್ತೆ ಬೇಳೆಯ ಕೊಡದ ಸಿಹಿನೀರಿನಲ್ಲಿ, ಒಂದಲ್ಲ ಎರಡು ಲೋಟ ಸುರಿದು, ಅದನ್ನು ತಿಕ್ಕಿ ತೊಳೆದರು. ಅಂಚಿನ ಗೀರಿನ ಮೇಲೆ ಬೆರಳು ನಿಲ್ಲಿಸಿ ಹೇಳಿದರು:

"ಈ ಗೀರು ನಾನೇ ಹಾಕಿದ್ದು. ಆಕಿ ನನ್ನ ಕಣ್ಣ ಮುಂದೇ ಕುಂತಿದ್ದಳು. ಬ್ಯಾಡ ಅನಲಿಲ್ಲ. ಸಾಯೋತನಕ ಒಂದ ಸಲನೂ ಏನೂ ಅನಲಿಲ್ಲ. ಅಂದಿದ್ದರ ಛಲೋ ಇತ್ತು."

ಎರಡು ರೊಟ್ಟಿ ಹಾಕಿಕೊಂಡರು, ಬಿಸಿ ಬೇಳೆ ಬಡಿಸಿಕೊಂಡರು. ಮೊದಲ ತುತ್ತು ತಾವು ಉಂಡು, ತಾಟನ್ನು ನಮ್ಮಿಬ್ಬರ ನಡುವೆ ಇಟ್ಟು, "ಉಣ್ಣು, ಹೊತ್ತಾಗ್ತದ" ಎಂದರು. ಒಂದೇ ತಾಟಿನಲ್ಲಿ ಉಂಡೆವು. ಮೂರು ದಿನದ ಮೇಲೆ ತಿಂದ ಬೇಳೆ, ಅದರ ರುಚಿ ಇನ್ನೂ ನಾಲಿಗೆಯಲ್ಲಿದೆ.

ಅಂದು ಹತ್ತು ನಿಮಿಷ ತಡವಾಗಿ ಓಡೋಡಿ ಬಂದ ನನ್ನನ್ನು ಹತ್ತಿಸಿಕೊಂಡು ಡ್ರೈವರ್ ಸಾಹೇಬರು ಬಸ್ಸು ಬಿಟ್ಟರು. ವಾಡಿ ಹೋಯಿತು, ಚಿತ್ತಾಪುರ ಹೋಯಿತು, ಸೇಡಮ್ಮಿನ ಬಿಸಿಲು ನೆತ್ತಿ ಸುಟ್ಟಿತು, ಬೆವರು ಕಿವಿಯ ಹಿಂದೆ ಇಳಿಯಿತು. ಪ್ರತಿ ಊರಲ್ಲೂ ಡ್ರೈವರ್ ಕನ್ನಡಿಯಲ್ಲಿ ಬಗ್ಗಿ ನೋಡಿಕೊಂಡೆ. ಕುಂಕುಮ ಅತ್ತೆ ಇಟ್ಟಲ್ಲೇ ಇತ್ತು. ಚಂದಾಪುರದಲ್ಲಿ ಹತ್ತಿದ ಜೇನಿನವಳಿಗೆ ಬಗ್ಗಿ ಹಣೆ ತೋರಿಸಿದೆ. ಅವಳು ಬೆರಳಿಂದ ಮುಟ್ಟಿ ನೋಡಿ, ಮೇಣ ಚೆನ್ನಾಗಿ ಬಂದಿದೆ ಎಂದಳು.

ಬಿಳಿ ಪೂರ್ತಿ ಹೋಗಿಲ್ಲ, ಅಂಚಿನಲ್ಲಿ ಸ್ವಲ್ಪ ಬಣ್ಣ ಬಂದಿದೆ. ತಾಟು ಈಗ ಮೇಲಿನ ಹಲಗೆಯಲ್ಲಿಲ್ಲ, ಉಳಿದ ತಾಟುಗಳ ನಡುವೆಯೇ ಇದೆ. ಊಟಕ್ಕೆ ಕೂತಾಗ ಯಾರ ಕೈಗೆ ಗೀರು ತಾಗುತ್ತದೋ ಅವರು ಅದರಲ್ಲೇ ಉಣ್ಣುತ್ತಾರೆ. ಹೆಚ್ಚಿನ ದಿನ ಅತ್ತೆಯೇ ಹುಡುಕಿ ತೆಗೆದುಕೊಳ್ಳುತ್ತಾರೆ.